ಬಡವರ ಪತ್ತು ಬಡವರ ಕೈಯಲ್ಲಿ

(ಗದಗಿನಲ್ಲಿ ಶಿಕ್ಷಕರೂ ಪಟ್ಟಣದ ಗೃಹಸ್ಥರೂ ನೆರೆದಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕಿರುಸಾಲಗಳಿಂದ ಹಳ್ಳಿಯ ಬಡವರು ಸ್ವಾವಲಂಬಿಗಳಾಗುವರೇ ಎಂಬ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಅಪ್ಪಣೆ ಬಂದಾಗ ನಮಗೆ ಮೊದಲು ಸಂಕೋಚವೇ ಆಯಿತು. ನಾವು ವಕೀಲರು. ಸಾಲವಿರುವಲ್ಲಿ ವ್ಯಾಜ್ಯ, ವ್ಯಾಜ್ಯವಿರುವಲ್ಲಿ ವಕೀಲ. ಸಾಲಗಾರನ ಕಣ್ಣೀರೇ ವಕೀಲನ ಮನೆಯ ದೀಪಕ್ಕೆ ಎಣ್ಣೆಯೆಂದು ಜನರು ಆಡಿಕೊಳ್ಳುವ ಮಾತು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಒಪ್ಪಿಕೊಂಡೆವು. ಅದೇಕೆಂದರೆ, ಕಳೆದ ವರ್ಷ ಒಂದೇ ತಿಂಗಳಲ್ಲಿ ಎರಡು ಬಗೆಯ ಲೆಕ್ಕದ ಪುಸ್ತಕಗಳು ನಮ್ಮ ಮೇಜಿನ ಮೇಲೆ ಬಂದವು. ಅವೆರಡನ್ನೂ ಓದಿದ ಮೇಲೆ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನು ತಮ್ಮಂಥವರ ಮುಂದೆ ಇಡದೆ ಸುಮ್ಮನಿರುವದು ಸರಿಯಲ್ಲವೆನಿಸಿತು.

ಮೊದಲನೆಯ ಕಟ್ಟನ್ನು ತಂದವಳು ಕೂಲಿಮಾಡಿ ಬದುಕುವ ಒಬ್ಬ ಹೆಣ್ಣುಮಗಳು. ಕೈಚೀಲದಿಂದ ನಾಲ್ಕು ಸಾಲದ ಪುಸ್ತಕಗಳನ್ನು ತೆಗೆದಿಟ್ಟು, “ಸಾಹೇಬ್ರ, ಇದರಾಗ ಎಷ್ಟು ಮುಟ್ಟೇತಿ, ಎಷ್ಟು ಉಳದೈತಿ, ಅಷ್ಟ ಓದಿ ಹೇಳ್ರಿ. ಕೇಸು ಗೀಸು ಏನೂ ಬ್ಯಾಡ್ರಿ” ಎಂದಳು. ನಾವೂ ನಮ್ಮ ಗುಮಾಸ್ತರೂ ಕೂಡಿ ಆ ಲೆಕ್ಕವನ್ನು ಬಿಡಿಸಲು ಒಂದು ತಾಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಎರಡು ಕರಾರುಗಳು ಇಂಗ್ಲಿಷಿನಲ್ಲಿದ್ದವು; ಅವುಗಳ ಕೆಳಗೆ ಅವಳ ಕನ್ನಡದ ರುಜುವಿತ್ತು. ಮೊದಲ ಸಾಲವನ್ನು ಎಮ್ಮೆ ಕೊಳ್ಳಲು ತೆಗೆದಿದ್ದಳು. ಎಮ್ಮೆ ಮರಳಿ ಗಬ್ಬವಾಗಲಿಲ್ಲ; ಹಾಲು ಬತ್ತಿತು; ವಾರದ ಕಂತು ಮಾತ್ರ ಬತ್ತಲಿಲ್ಲ. ಮೊದಲಿನದರ ಕಂತಿಗಾಗಿ ಎರಡನೆಯ ಸಾಲ, ಎರಡನೆಯದರ ಕಂತಿಗಾಗಿ ಮೂರನೆಯದು, ಹೀಗೆ ನಾಲ್ಕು ಪುಸ್ತಕಗಳಾಗಿದ್ದವು. ಎಮ್ಮೆಯನ್ನು ಮಾರಿ ಆರು ತಿಂಗಳಾಗಿತ್ತು.

ಸಾಲ ಕೊಟ್ಟವರು ಅವಳನ್ನು ಹತ್ತು ಹೆಂಗಸರ ಗುಂಪಿನಲ್ಲಿ ಸೇರಿಸಿದ್ದರು. ಒಬ್ಬಳು ಕಂತು ತಪ್ಪಿದರೆ ಉಳಿದವರಿಗೆ ಮುಂದಿನ ಸಾಲವಿಲ್ಲ. ಆದುದರಿಂದ ಕಂತಿನ ದಿನ ನೆರೆಹೊರೆಯ ಹೆಂಗಸರೇ ಬಂದು ಅವಳ ಹೊಸ್ತಿಲಲ್ಲಿ ಕುಳಿತುಬಿಡುತ್ತಿದ್ದರು. ಅವರನ್ನು ದೂರಲು ಅವಳಿಗೆ ಬಾಯಿರಲಿಲ್ಲ. ಹಿಂದಿನ ವರ್ಷ ತಾನೂ ಇನ್ನೊಬ್ಬಳ ಹೊಸ್ತಿಲಲ್ಲಿ ಹಾಗೆಯೇ ಕುಳಿತಿದ್ದೆನೆಂದು ತಾನಾಗಿಯೇ ಹೇಳಿ ತಲೆ ತಗ್ಗಿಸಿದಳು.

ಎರಡನೆಯ ಪುಸ್ತಕವನ್ನು ತಂದವರು ಇನ್ನೊಂದು ಹಳ್ಳಿಯ ಹದಿನೈದು ಹೆಂಗಸರ ಸಂಘದವರು. ಹಿಟ್ಟಿನ ಗಿರಣಿ ಹಾಕಲು ಒಂದು ಜಾಗವನ್ನು ಬಾಡಿಗೆಗೆ ಹಿಡಿಯುವವರಿದ್ದು, ಕರಾರುಪತ್ರವನ್ನು ನೋಡಿಕೊಡಬೇಕೆಂದು ಕೇಳಲು ಬಂದಿದ್ದರು. ಸಂಘದ ಸ್ಥಿತಿ ತಿಳಿಯಬೇಕೆಂದು ನಾವು ಲೆಕ್ಕ ಕೇಳಿದಾಗ, ಶಾಲೆಯ ಮಕ್ಕಳು ಬರೆಯುವಂಥ ಒಂದು ದಪ್ಪ ನೋಟುಪುಸ್ತಕವನ್ನು ಮುಂದಿಟ್ಟರು. ಸುಮಾರಾದ ಕನ್ನಡ ಅಕ್ಷರ, ನೇರವಾದ ಗೆರೆಗಳು, ವಾರವಾರದ ಬೇರೀಜು. ಬಂದವರಲ್ಲಿ ಇಬ್ಬರಿಗೆ ಓದು ಬರುತ್ತಿರಲಿಲ್ಲ. ಆದರೂ ತಮ್ಮ ಉಳಿತಾಯವೆಷ್ಟು, ತಮ್ಮ ಮೇಲಿನ ಬಾಕಿಯೆಷ್ಟು, ಪೆಟ್ಟಿಗೆಯಲ್ಲಿ ಒಟ್ಟು ಎಷ್ಟಿದೆ ಎಂಬದನ್ನು ಅವರು ಪುಸ್ತಕ ನೋಡದೆ ಹೇಳಿದರು. ನಾವು ತಾಳೆ ನೋಡಿದೆವು, ಸರಿಯಾಗಿತ್ತು.

ಮಹನೀಯರೇ, ಇವೆರಡಕ್ಕೂ ಲೋಕದಲ್ಲಿ ಒಂದೇ ಹೆಸರು: ಬಡವರಿಗೆ ಕಿರುಸಾಲ. ಒಂದು ಕೊರಳಿಗೆ ಉರುಲಾಯಿತು, ಇನ್ನೊಂದು ಕೈಗೆ ಊರುಗೋಲಾಯಿತು. ವ್ಯತ್ಯಾಸವು ಬಡ್ಡಿಯಲ್ಲಿ ಮಾತ್ರ ಇರುವದೇ? ಜನರ ಗುಣದಲ್ಲಿ ಇರುವದೇ? ನಮ್ಮ ಅಭಿಪ್ರಾಯದಲ್ಲಿ ಅದು ಮೂರು ಪ್ರಶ್ನೆಗಳ ಉತ್ತರದಲ್ಲಿದೆ. ದುಡ್ಡು ಯಾರದು? ತೀರ್ಮಾನ ಯಾರದು? ಲೆಕ್ಕ ಯಾರಿಗೆ ತಿಳಿಯುತ್ತದೆ? ಈ ಮೂರಕ್ಕೂ ‘ನಮ್ಮದು, ನಮಗೆ’ ಎಂದು ಬಡವರು ಹೇಳಬಲ್ಲರಾದರೆ ಅಲ್ಲಿ ಸ್ವಾವಲಂಬನೆಗೆ ದಾರಿಯುಂಟು. ಹೊಣೆ ಮಾತ್ರ ಅವರದಾಗಿ, ಮಿಕ್ಕದ್ದೆಲ್ಲ ಬೇರೆಯವರದಾದರೆ ಅದು ಹೊಸ ವೇಷದ ಹಳೆಯ ಸಾವಕಾರಿಕೆಯೇ ಸರಿ. ನಾವು ಇಂದು ಹೇಳಬೇಕೆಂದಿರುವದು ಇಷ್ಟೇ.

ಈ ಮಾತನ್ನು ಗದಗಿನಲ್ಲಿ ನಿಂತು ಆಡುವದಕ್ಕೆ ವಿಶೇಷ ಅರ್ಥವಿದೆ. ಇಲ್ಲಿಗೆ ಸಮೀಪದ ಕಣಗಿನಹಾಳದಲ್ಲಿ 1905ನೆಯ ಇಸವಿಯ ಮೇ 8ರಂದು ಒಂದು ಕೃಷಿ ಪತ್ತಿನ ಸಹಕಾರಿ ಸಂಘವು ನೋಂದಾಯಿತವಾಯಿತು. ಆಗ ಇದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ ಊರು. ಆ ಸಂಘವನ್ನು ಕಟ್ಟಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆ ಜಾರಿಯಾದ ಮರುವರ್ಷವೇ, ದೊಡ್ಡ ಪಟ್ಟಣಗಳ ಪಂಡಿತರು ಇನ್ನೂ ಅದರ ಕಲಮುಗಳನ್ನು ಚರ್ಚಿಸುತ್ತಿದ್ದ ಕಾಲದಲ್ಲಿ, ಕನ್ನಡದ ಒಂದು ಹಳ್ಳಿ ಅದನ್ನು ಕೈಯಲ್ಲಿ ಮಾಡಿ ತೋರಿಸಿತು. ನಮ್ಮ ಮಕ್ಕಳಿಗೆ ದೂರದೇಶದ ಬ್ಯಾಂಕುಗಳ ಕಥೆ ಗೊತ್ತು; ಬಸ್ಸು ಹತ್ತಿ ಹೋಗಿ ನೋಡಬಹುದಾದ ಈ ಕಥೆ ಎಷ್ಟು ಮಕ್ಕಳಿಗೆ ಗೊತ್ತು ಎಂಬದನ್ನು ಶಿಕ್ಷಕರು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ಆ ಕಾಯದೆಯು ಏಕೆ ಬಂದಿತು? ಸರಕಾರಕ್ಕೆ ಒಮ್ಮೆಲೆ ಕರುಣೆ ಹುಟ್ಟಿತೆಂದಲ್ಲ. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು, ಸುಪೆ ಎಂಬ ಊರಿನಿಂದ ಮೊದಲುಮಾಡಿ, ಸಾವಕಾರರ ಮೇಲೆ ಎದ್ದರು. ಅವರ ಸಿಟ್ಟು ಮುಖ್ಯವಾಗಿ ಸಾಲಪತ್ರಗಳ ಮೇಲಿತ್ತು. ತಾವು ಓದಲಾರದ, ಆದರೆ ತಮ್ಮ ಹೊಲಮನೆಗಳನ್ನು ನುಂಗುತ್ತಿದ್ದ ಆ ಕಾಗದಗಳನ್ನು ಕಸಿದು ಸುಟ್ಟರು. 1879ರಲ್ಲಿ ದಖ್ಖಣದ ರೈತರ ಪರಿಹಾರದ ಕಾಯದೆ ಬಂದಿತು. ಕೋರ್ಟಿಗೆ ಸಾಲದ ಹಿಂದಿನ ಚರಿತ್ರೆಯನ್ನು ಕೆದಕಿ ನೋಡುವ ಅಧಿಕಾರ ದೊರೆಯಿತು. ಆದರೆ ಸಾವಕಾರನ ಕೈ ಕಟ್ಟಿದ ಮಾತ್ರಕ್ಕೆ ರೈತನ ಕೈಗೆ ಬೀಜಕ್ಕೆ ದುಡ್ಡು ಬರುವದಿಲ್ಲವಷ್ಟೆ! ಬೇರೊಂದು ಬಾವಿಯನ್ನು ತೋಡದೆ ಇದ್ದ ಬಾವಿಗೆ ಬೇಲಿ ಹಾಕಿದರೆ ನೀರಡಿಸಿದವನು ಬೇಲಿ ಹಾರಿಯೇ ಹಾರುವನು. ಈ ಅನುಭವದ ಮೇಲೆ, ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಹಳ್ಳಿಗರಿಂದಲೇ ಕಟ್ಟಿಸಿದ ಪತ್ತಿನ ಸಂಘಗಳ ಮಾದರಿಯನ್ನು ನೋಡಿ, 1904ರ ಕಾಯದೆಯು ರಚಿತವಾಯಿತು.

ಆ ಕಾಯದೆಯ ಒಂದು ಅಂಶವನ್ನು ತಾವು ಲಕ್ಷ್ಯವಿಟ್ಟು ಕೇಳಬೇಕು. ಒಂದೇ ಊರಿನ ಹತ್ತು ಜನ ಕೂಡಿ ಸಂಘ ಕಟ್ಟಬಹುದಾಗಿತ್ತು. ಗ್ರಾಮದ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಯೂ ಅದಕ್ಕೆ ಗುರಿ. ಅಂದರೆ ‘ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ’ ಎಂಬ ತತ್ವವು ಇಂದಿನ ಕಂಪನಿಗಳ ಸೃಷ್ಟಿಯಲ್ಲ. ನೂರಿಪ್ಪತ್ತು ವರ್ಷ ಹಳೆಯದು. ಹಾಗಾದರೆ ಅಂದಿನ ಹೊಣೆ ಇಂದಿನ ಹೊಸ್ತಿಲ ಕಾವಲಿನಂತೆ ಏಕೆ ಇರಬೇಕಾಗಿರಲಿಲ್ಲ? ಏಕೆಂದರೆ ಅಲ್ಲಿ ಹೊಣೆಯ ಜೊತೆಗೆ ಒಡೆತನವಿತ್ತು. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಡಬೇಕು, ಮಳೆ ಹೋದರೆ ಯಾರಿಗೆ ಮುದ್ದತು ಬೆಳೆಸಬೇಕು ಎಂಬದನ್ನು ಸಂಘವೇ ನಿಶ್ಚಯಿಸುತ್ತಿತ್ತು. ಬಂದ ಲಾಭವು ಸಂಘದ ನಿಧಿಗೆ ಹೋಗುತ್ತಿತ್ತು. ಹೊಣೆಯೂ ಒಡೆತನವೂ ಒಂದೇ ನೊಗದ ಎರಡು ಎತ್ತುಗಳು. ಒಂದನ್ನು ಬಿಚ್ಚಿ ಇನ್ನೊಂದರ ಹೆಗಲ ಮೇಲೆಯೇ ಬಂಡಿಯನ್ನೆಲ್ಲ ಹೇರಿದರೆ ಅದು ಎಷ್ಟು ದೂರ ಎಳೆದೀತು?

ಆದರೆ ಸಹಕಾರದ ಚರಿತ್ರೆಯಲ್ಲಿ ಎಲ್ಲವೂ ಬೆಳಕೇ ಎಂದು ಹೇಳಿದರೆ ನಾವು ತಮಗೆ ಮೋಸ ಮಾಡಿದಂತೆ. ಸ್ವಾತಂತ್ರ್ಯ ಬಂದ ಮೇಲೆ 1951–52ರಲ್ಲಿ ನಡೆದು 1954ರಲ್ಲಿ ವರದಿಯಾದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯು ಒಂದು ಕಹಿಯಾದ ಸತ್ಯವನ್ನು ಹೊರಗೆಡವಿತು. ರೈತರು ಮಾಡುತ್ತಿದ್ದ ಸಾಲದಲ್ಲಿ ಸಹಕಾರಿ ಸಂಘಗಳಿಂದ ದೊರೆಯುತ್ತಿದ್ದುದು ನೂರಕ್ಕೆ 3ರಷ್ಟು ಮಾತ್ರ! ಅರ್ಧ ಶತಮಾನದ ಶ್ರಮದ ಫಲ ಅಷ್ಟು. ಅನೇಕ ಕಡೆ ಸಂಘವು ಊರಿನ ದೊಡ್ಡ ಹೊಲದವರ ಕೈಸೇರಿತ್ತು. ಸಾಲಕ್ಕೆ ಭೂಮಿಯೇ ಆಧಾರವಾದುದರಿಂದ ಭೂಮಿಯಿಲ್ಲದವನಿಗೆ ಬಾಗಿಲು ಮುಚ್ಚಿತ್ತು. ಹೆಂಗಸರ ಹೆಸರಿನಲ್ಲಿ ಭೂಮಿಯೇ ಇಲ್ಲದ ಮೇಲೆ ಅವರ ಮಾತು ಎಲ್ಲಿಂದ ಬಂದೀತು? ಮನೆ ನಡೆಸುವವಳು ಅವಳು, ಮುಷ್ಟಿ ಜೋಳವನ್ನು ತೆಗೆದಿಟ್ಟು ಕಷ್ಟಕಾಲಕ್ಕೆ ಒದಗಿಸುವವಳು ಅವಳು, ಸಾಲ ತೀರಿಸಲು ಕೊರಳ ಗುಂಡನ್ನು ಬಿಚ್ಚಿಕೊಡುವವಳೂ ಅವಳೇ. ಆದರೆ ಸಂಘದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಈ ಮುಚ್ಚಿದ ಬಾಗಿಲನ್ನು ತೆರೆದ ಪ್ರಯತ್ನವೂ ನಮ್ಮ ನಾಡಿನಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆಯು ಮುಂದೆ ಹಳ್ಳಿಯ ಬಡವರ ಕೆಲಸಕ್ಕೆ ಇಳಿಯಿತು. ಅದು ಹಿಂದೆ ನಿಂತು ಕಟ್ಟಿಸಿದ್ದ ದೊಡ್ಡ ಸಹಕಾರಿ ಸಂಘಗಳಲ್ಲಿ ಕೆಲವು 1980ರ ದಶಕದ ನಡುವಿನಲ್ಲಿ ಒಡೆದುಹೋದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ತಾವು ಪಡೆದ ಸಾಲವನ್ನು ಮೈರಾಡಕ್ಕೇ ತೀರಿಸುವೆವೆಂದರಂತೆ. ‘ನಮಗೆ ಬೇಡ, ನಿಮ್ಮ ಗುಂಪಿಗೇ ತೀರಿಸಿರಿ, ಆ ಹಣ ನಿಮ್ಮಲ್ಲಿಯೇ ತಿರುಗಲಿ’ ಎಂಬ ಅರ್ಥದ ಉತ್ತರವನ್ನು ಸಂಸ್ಥೆಯು ಕೊಟ್ಟಿತು. ಆ ಒಂದು ಉತ್ತರದಿಂದ ಹದಿನೈದು ಇಪ್ಪತ್ತು ಜನರ ಸ್ವಸಹಾಯ ಸಂಘಗಳು ಮೊಳೆತವು. ಒಬ್ಬರನ್ನೊಬ್ಬರು ಬಲ್ಲವರು, ಹೆಚ್ಚುಕಡಿಮೆ ಒಂದೇ ಸ್ಥಿತಿಯವರು, ವಾರಕ್ಕೊಮ್ಮೆ ಕೂಡುವವರು, ಅಷ್ಟೋ ಇಷ್ಟೋ ಉಳಿಸುವವರು, ತಮ್ಮ ಉಳಿತಾಯವನ್ನು ತಮ್ಮಲ್ಲಿಯೇ ಕೈಬದಲಿಸುವವರು. ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಆಳು ತಿರುಗುತ್ತಿತ್ತು, ಇಲ್ಲಿ ದುಡ್ಡು ತಿರುಗುವದು.

ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಅಂದರೆ ನಬಾರ್ಡು, 1987ರಲ್ಲಿ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವು ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಯನ್ನು ಹಾಕಿತು. ನೋಂದಣಿಯಿಲ್ಲದ ಸಂಘ, ಅಡವಿಲ್ಲದ ಸಾಲ, ಸಾಲದ ಉದ್ದೇಶವನ್ನು ನಿಶ್ಚಯಿಸುವ ಅಧಿಕಾರ ಸಂಘಕ್ಕೆ: ಬ್ಯಾಂಕಿನವರಿಗೆ ಇದು ತಲೆಕೆಳಗಾದ ಶಾಸ್ತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. 500ರಿಂದ ಮೊದಲಾದ ಆ ಲೆಕ್ಕ ಇಂದು ಒಂದು ಕೋಟಿಯನ್ನು ಮೀರಿದೆ. ನಮ್ಮ ರಾಜ್ಯದಲ್ಲಿ 2000–01ರಿಂದ ಸ್ತ್ರೀಶಕ್ತಿ ಯೋಜನೆಯು ಇದೇ ದಾರಿಯಲ್ಲಿ ಹಳ್ಳಿಹಳ್ಳಿಗೆ ಸಂಘಗಳನ್ನು ಒಯ್ದಿತು.

ಶಿಕ್ಷಕ ಬಂಧುಗಳೇ, ಈಗ ಸ್ವಲ್ಪ ಗಣಿತ ಮಾಡೋಣ. ಸತ್ಯವು ಅಲ್ಲಿಯೇ ಅಡಗಿರುವದು. ಹದಿನೈದು ಹೆಂಗಸರು ವಾರಕ್ಕೆ 20 ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 300. 52 ವಾರಗಳಿಗೆ 15,600 ರೂಪಾಯಿ. ಯಾರ ಹಂಗೂ ಇಲ್ಲದ ಹಣ. ಅದರಲ್ಲಿ ಒಬ್ಬಳು 2,000 ರೂಪಾಯಿ ಸಾಲ ತೆಗೆದು, ತಿಂಗಳಿಗೆ 200ರಂತೆ ಅಸಲು ತೀರಿಸುತ್ತ, ಉಳಿದ ಅಸಲಿನ ಮೇಲೆ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಕೊಟ್ಟಳೆನ್ನಿರಿ. ಮೊದಲ ತಿಂಗಳು 40, ಎರಡನೆಯದು 36, ಹೀಗೆ ಇಳಿಯುತ್ತ ಹತ್ತನೆಯ ತಿಂಗಳು 4. ಒಟ್ಟು ಬಡ್ಡಿ 220. ವರ್ಷದ ದರ ನೂರಕ್ಕೆ 24 ಆಯಿತಲ್ಲ, ಇದೇನು ಕಡಿಮೆಯೇ ಎಂದು ತಾವು ಕೇಳಬಹುದು. ದರ ಕಡಿಮೆಯಲ್ಲ, ನಿಜ. ಆದರೆ ಆ 220 ರೂಪಾಯಿ ಹೋದುದೆಲ್ಲಿಗೆ? ಅವಳೂ ಒಡತಿಯಾಗಿರುವ ಪೆಟ್ಟಿಗೆಗೆ. ಮುಂದಿನ ವರ್ಷ ಅವಳ ಮಗನ ಪುಸ್ತಕಕ್ಕೋ ಪಕ್ಕದವಳ ಬಾಣಂತನಕ್ಕೋ ಅದೇ ಹಣ ಒದಗುವದು. ದರ ಎಷ್ಟೆಂದು ಕೇಳುವಷ್ಟೇ ಮುಖ್ಯವಾಗಿ, ಬಡ್ಡಿಯು ಊರಲ್ಲಿ ಉಳಿಯಿತೋ ಊರು ಬಿಟ್ಟು ಹೋಯಿತೋ ಎಂದೂ ಕೇಳಬೇಕು.

ಇನ್ನೊಂದು ಲೆಕ್ಕ. ಸಾಲ ಕೊಡುವವನೊಬ್ಬನು, ‘ನೂರಕ್ಕೆ ವರ್ಷಕ್ಕೆ ಬರೀ 12’ ಎಂದು ಹೇಳಿ 10,000 ರೂಪಾಯಿ ಕೊಟ್ಟು, ಮೇಲೆ 1,200 ಸೇರಿಸಿ, 11,200ನ್ನು ಹನ್ನೆರಡು ಕಂತುಗಳಲ್ಲಿ ಕೀಳುವನು. ಕೇಳಿದವರಿಗೆ ಧರ್ಮಬುದ್ಧಿಯಾಗಿಯೇ ತೋರುವದು. ಆದರೆ 10,000 ರೂಪಾಯಿ ಪೂರ್ತಿ ಅವಳ ಕೈಯಲ್ಲಿದ್ದುದು ಮೊದಲ ತಿಂಗಳು ಮಾತ್ರ. ತಿಂಗಳು ತಿಂಗಳು ಅಸಲು ಕರಗುತ್ತ ಹೋದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆಯೇ ನಿಂತಿದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ 12 ಎಂಬದು 21ನ್ನೂ ಮೀರುವದು. ಇದರ ಮೇಲೆ ಕಾಗದದ ಖರ್ಚು, ವಿಮೆ ಎಂದು ಮೊದಲೇ ಮುರಿದುಕೊಂಡರೆ ಇನ್ನೂ ಮೇಲೇರುವದು. ಶಾಲೆಯ ಮಕ್ಕಳಿಗೆ ಸರಳ ಬಡ್ಡಿ, ಚಕ್ರಬಡ್ಡಿಗಳನ್ನು ಕಲಿಸುವ ನಾವು ಈ ಒಂದು ಲೆಕ್ಕವನ್ನು ಏಕೆ ಕಲಿಸಬಾರದು? ಮಗುವು ಮನೆಗೆ ಹೋಗಿ ತಾಯಿಯ ಸಾಲದ ಪುಸ್ತಕವನ್ನು ಬಿಚ್ಚಿ ನೋಡಿದ ದಿನ ನಮ್ಮ ವಿದ್ಯೆ ಸಾರ್ಥಕವಾದಂತೆ.

ಹೊರನಾಡುಗಳ ಅನುಭವವೂ ಇದೇ ಪಾಠವನ್ನು ಕಲಿಸುತ್ತದೆ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಅಧ್ಯಾಪಕ ಮುಹಮ್ಮದ್ ಯೂನುಸರು 42 ಜನರಿಗೆ, ಎಲ್ಲ ಕೂಡಿ 27 ಡಾಲರುಗಳಷ್ಟು ಹಣವನ್ನು ತಮ್ಮ ಕಿಸೆಯಿಂದ ಕೊಟ್ಟುದರಿಂದ ಮೊದಲಾದ ಕೆಲಸ 1983ರಲ್ಲಿ ಗ್ರಾಮೀಣ ಬ್ಯಾಂಕಾಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಬಡವರು ಸಾಲ ಮುಳುಗಿಸುವರೆಂಬ ಹಳೆಯ ಅಪವಾದವನ್ನು ಅವರು ಸುಳ್ಳು ಮಾಡಿ ತೋರಿಸಿದರು. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಬಡವರು ತಪ್ಪದೆ ತೀರಿಸುವರೆಂಬದು ಗೊತ್ತಾದೊಡನೆ, ಅವರ ಪ್ರಾಮಾಣಿಕತೆಯಲ್ಲಿಯೇ ಲಾಭವನ್ನು ಕಂಡವರೂ ಹುಟ್ಟಿಕೊಂಡರು. ನೆರೆಯ ಆಂಧ್ರದಲ್ಲಿ ಒಂದೇ ಮನೆಗೆ ಮೂರು ನಾಲ್ಕು ಕಂಪನಿಗಳು ಸಾಲ ಸುರಿದವು. ವಸೂಲಿಯ ಒತ್ತಡದಿಂದ ಆತ್ಮಹತ್ಯೆಗಳಾದ ವಾರ್ತೆಗಳು ಬಂದು, 2010ರ ಅಕ್ಟೋಬರದಲ್ಲಿ ಅಲ್ಲಿಯ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಪಾಠವನ್ನು ನಾವು ಕಲಿತೆವೇ? 2025ರ ಮೊದಲ ತಿಂಗಳಲ್ಲಿ ನಮ್ಮ ಚಾಮರಾಜನಗರ ಮೊದಲಾದ ಜಿಲ್ಲೆಗಳಿಂದ, ಸಾಲದವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ವಾರ್ತೆಗಳನ್ನು ನಾವೆಲ್ಲರೂ ಓದಿದೆವು.

ಸಾಲ ಸಿಕ್ಕಿದ ಮಾತ್ರಕ್ಕೆ ಬಡತನ ಹರಿಯುವದೇ ಎಂಬದನ್ನು ಅರ್ಥಶಾಸ್ತ್ರಜ್ಞರೂ ಪರೀಕ್ಷಿಸಿದ್ದಾರೆ. ಹೈದರಾಬಾದಿನ ಕೇರಿಗಳೂ ಸೇರಿ ಆರು ದೇಶಗಳಲ್ಲಿ ನಡೆದ ಅಂಥ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲದಿಂದ ಕೆಲವರ ಸಣ್ಣ ವ್ಯಾಪಾರಗಳಿಗೆ ಬಂಡವಾಳ ದೊರೆಯಿತು, ಕುಟುಂಬಗಳಿಗೆ ಖರ್ಚುವೆಚ್ಚಗಳನ್ನು ಹೊಂದಿಸಿಕೊಳ್ಳಲು ಅನುಕೂಲವಾಯಿತು. ಆದರೆ ಸರಾಸರಿಯಲ್ಲಿ ಬಡವರ ಬಾಳು ಬದಲಾಗುವಂಥ ಪರಿಣಾಮ ಕಾಣಲಿಲ್ಲ ಎಂಬದೇ ಅವುಗಳ ಸಾರ. ಇದರಲ್ಲಿ ನಿರಾಶೆಪಡುವಂಥದೇನೂ ಇಲ್ಲ. ಹಗ್ಗವು ಬಾವಿಯಿಂದ ನೀರು ಸೇದಲು ಬೇಕು, ಹಗ್ಗವೇ ನೀರಲ್ಲ. ಎಮ್ಮೆ ಕೊಂಡವಳಿಗೆ ಮೇವು ಬೇಕು, ದನದ ವೈದ್ಯನು ಬೇಕು, ಹಾಲು ಕೊಳ್ಳುವ ಡೇರಿ ಬೇಕು. ಇವಿಲ್ಲದೆ ಸಾಲವೊಂದನ್ನೇ ಕೊಟ್ಟರೆ ನಮ್ಮ ಕಚೇರಿಗೆ ಬಂದ ಆ ತಾಯಿಯ ಕಥೆಯೇ ಎಲ್ಲ ಕಡೆಗೂ ಆಗುವದು.

ಇನ್ನು ಕಡುಬಡವರ ಮಾತು. ನಾಳೆಯ ಕೂಳಿಗೆ ಗತಿಯಿಲ್ಲದವಳಿಗೆ ಸಾಲ ಕೊಡುವದು ಉಪಕಾರವಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯು 2002ರಿಂದ ಇಂಥವರಿಗೆ ಸಾಲದ ಬದಲು ಆಡನ್ನೋ ಆಕಳನ್ನೋ ದಾನವಾಗಿ ಕೊಟ್ಟು, ಕೆಲವು ತಿಂಗಳು ಊಟದ ಖರ್ಚಿಗೆ ಸ್ವಲ್ಪ ಹಣವಿತ್ತು, ಸಾಕುವದನ್ನು ಕಲಿಸಿ, ಉಳಿತಾಯದ ರೂಢಿ ಮಾಡಿಸುವ ಕ್ರಮವನ್ನು ಹಿಡಿಯಿತು. ಅದೇ ಮಾದರಿಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿದಾಗ ಫಲವು ನೆರವು ನಿಂತ ಮೇಲೂ ಒಂದು ವರ್ಷದವರೆಗೆ ಉಳಿದುಬಂದಿತ್ತು. ಮೊದಲು ನೆಲೆ, ಆಮೇಲೆ ಉಳಿತಾಯ, ಕಡೆಗೆ ಸಾಲ. ನಾವು ಈ ಕ್ರಮವನ್ನು ತಿರುವುಮುರುವು ಮಾಡಿದೆವು.

ಕಾನೂನು ಏನು ಹೇಳುತ್ತದೆಂಬದನ್ನು ಹೇಳದಿದ್ದರೆ ವಕೀಲರ ಭಾಷಣ ಪೂರ್ತಿಯಾಗದು. ಅದನ್ನು ಚಿಕ್ಕದಾಗಿ ಹೇಳುವೆವು, ದಯವಿಟ್ಟು ಬರೆದುಕೊಳ್ಳಿರಿ. ರಿಜರ್ವ್ ಬ್ಯಾಂಕು 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳಂತೆ, ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡವು ಕೇಳಕೂಡದು. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಮುದ್ದತಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡ ಹಾಕುವದು ತಪ್ಪಿದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗಾಗಿ ಕರೆಯುವದು, ಬೆದರಿಸುವದು, ಬೈಯುವದು ನಿಷಿದ್ಧ. ಮತ್ತು ಮಹನೀಯರೇ, ಕರಾರುಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. 2025ರ ಫೆಬ್ರುವರಿ 12ರಂದು ನಮ್ಮ ರಾಜ್ಯ ಸರಕಾರವು ಹೊರಡಿಸಿದ, ಮುಂದೆ ಕಾಯದೆಯೂ ಆದ ಸುಗ್ರೀವಾಜ್ಞೆಯು, ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸವನ್ನೂ 5 ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಿದೆ.

ಕಾನೂನು ಒಳ್ಳೆಯದೇ. ಆದರೆ 1879ರ ಕಾಯದೆಯ ಪಾಠವನ್ನು ಮರೆಯಬಾರದು: ಕಾನೂನು ಬೇಲಿ ಹಾಕಬಲ್ಲದು, ಬಾವಿ ತೋಡಲಾರದು. ಬಾವಿ ತೋಡುವ ಕೆಲಸ ನಮ್ಮದು. ನೂರು ಮಾತಿಗಿಂತ ಮಾಡುವದು ಲೇಸೆಂದು, ಈ ಸಭೆಯವರು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುವೆವು.

ಮೊದಲನೆಯದು, ಪ್ರತಿಯೊಬ್ಬ ಶಿಕ್ಷಕರು ತಮ್ಮ ಊರಿನ ಒಂದು ಸಂಘದ ಲೆಕ್ಕವನ್ನು ತಿಂಗಳಿಗೊಮ್ಮೆ ಹೋಗಿ ಓದಿಹೇಳಬೇಕು. ಬರೆದುಕೊಡಬಾರದು, ಬರೆಯಲು ಅವರಲ್ಲಿಯೇ ಒಬ್ಬಳಿಗೆ ಕಲಿಸಬೇಕು. ಸಂಘಗಳೂ ಕೆಡುವದುಂಟು: ಅಧ್ಯಕ್ಷಿಣಿಯೇ ಹೆಚ್ಚು ಸಾಲ ತೆಗೆದು ಕುಳಿತದ್ದು, ಬ್ಯಾಂಕಿನ ಸಾಲ ಬಂದ ದಿನವೇ ಹಂಚಿಕೊಂಡು ಸಭೆ ನಿಲ್ಲಿಸಿದ್ದು, ಮನೆಯ ಗಂಡಸರು ಹೆಂಗಸರ ಹೆಸರಿನಲ್ಲಿ ಹಣ ಎತ್ತಿದ್ದು, ಇವನ್ನೆಲ್ಲ ನಾವು ಬಲ್ಲೆವು. ಎಲ್ಲರ ಕಿವಿಗೆ ಬೀಳುವಂತೆ ಲೆಕ್ಕ ಓದಿದಲ್ಲಿ ಈ ರೋಗಗಳು ಬಹಳ ದಿನ ಉಳಿಯಲಾರವು.

ಎರಡನೆಯದು, ಪಟ್ಟಣದ ವಿದ್ಯಾವಂತರು ಕನ್ನಡದ ಕರಾರಿಗಾಗಿ ಹಟ ಹಿಡಿಯಬೇಕು. ಕನ್ನಡವು ಸಮ್ಮೇಳನದ ವೇದಿಕೆಯ ಮೇಲೆ ಮೆರೆದರೆ ಸಾಲದು. ಕೂಲಿಕಾರ ಹೆಣ್ಣುಮಗಳ ಸಾಲದ ಪುಸ್ತಕದಲ್ಲಿ ಅದು ಬದುಕಬೇಕು. ತನ್ನ ರುಜುವಿನ ಮೇಲೆ ಏನು ಬರೆದಿದೆಯೆಂದು ತಿಳಿಯದವನಿಗೆ ನಾಡು ಒಂದಾದುದರ ಫಲ ಇನ್ನೂ ಮುಟ್ಟಿಲ್ಲ. 1956ರ ನವೆಂಬರ 1ರಂದು ಕೂಡಿಬಂದ ಈ ನಾಡಿನಲ್ಲಿ, ಹಳೆಯ ಮುಂಬಯಿ ಇಲಾಖೆಯ ಕಣಗಿನಹಾಳದ ಸಹಕಾರವೂ ಹಳೆಯ ಮೈಸೂರು ಸೀಮೆಯ ಸ್ವಸಹಾಯವೂ ಒಂದೇ ಮನೆಯ ಆಸ್ತಿಯಾದವು. ಆ ಆಸ್ತಿಗೆ ನಾವು ತಕ್ಕ ವಾರಸುದಾರರಾಗಬೇಡವೇ?

ಮೂರನೆಯದು ವಕೀಲ ಬಂಧುಗಳಿಗೆ. ವಾರಕ್ಕೆ ಒಂದು ತಾಸು, ಫೀಯಿಲ್ಲದೆ, ಸಾಲದ ಪುಸ್ತಕಗಳನ್ನು ಓದಿ ಹೇಳುವದಕ್ಕೆ ಮೀಸಲಿಡೋಣ. ನಾವಂತೂ ಸೋಮವಾರದ ಸಂಜೆಯನ್ನು ಮೀಸಲಿಟ್ಟಿದ್ದೇವೆ.

ಆ ತಾಯಿಯ ಸಂಗತಿ ಏನಾಯಿತೆಂದು ತಾವು ಕೇಳದಿದ್ದರೂ ಹೇಳುವದು ನಮ್ಮ ಧರ್ಮ. ನಾಲ್ಕು ಪುಸ್ತಕಗಳಲ್ಲಿ ಒಂದರ ಲೆಕ್ಕ ಆಗಲೇ ತೀರಿತ್ತು. ಅದು ತೀರಿದ ಮೇಲೂ ಅವಳಿಂದ ಎರಡು ಕಂತು ಹೆಚ್ಚಾಗಿ ಪಡೆದಿದ್ದರು. ಒಂದು ಪತ್ರ ಬರೆದೆವು. ಹಣ ಮರಳಿ ಬಂದಿತು. ಉಳಿದ ಮೂರಕ್ಕೆ ಮುದ್ದತು ಬೆಳೆಯಿತು, ಸಾಲ ತೀರಲಿಲ್ಲ, ಇನ್ನೂ ತೀರಿಸುತ್ತಿದ್ದಾಳೆ. ಎಮ್ಮೆ ಮರಳಿ ಬರಲಿಲ್ಲ. ಆದರೆ ಮೊನ್ನೆ ಬಂದಾಗ ಸಂಗಡ ಆರು ಜನ ಹೆಂಗಸರನ್ನು ಕರೆತಂದಿದ್ದಳು; ಒಂದು ಕಾಲದಲ್ಲಿ ಅವಳ ಹೊಸ್ತಿಲಲ್ಲಿ ಕುಳಿತವರೇ. ವಾರಕ್ಕೆ 10 ರೂಪಾಯಿಯಂತೆ ಪೆಟ್ಟಿಗೆಗೆ ಹಾಕಬೇಕೆಂದಿದ್ದಾರೆ. ಪುಸ್ತಕವನ್ನು ಹೇಗೆ ಬರೆಯಬೇಕೆಂದು ಕೇಳಲು ಬಂದಿದ್ದರು. ಅದನ್ನು ಕಲಿಸಲು ನಮಗಿಂತ ಯೋಗ್ಯರಾದವರು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರ ಊರಿನ ಹೆಸರನ್ನು ಸಭೆ ಮುಗಿದ ಮೇಲೆ ಬಂದು ಕೇಳುವ ಮೊದಲಿಗ ಶಿಕ್ಷಕರು ಯಾರೆಂದು ನಾವು ಇಲ್ಲಿಯೇ ಕಾದಿರುವೆವು.